ಬಚ್ಚಲುಮನೆ ಬಾಟ್ಲಿಗಳ ಪೂರ್ವೋತ್ತರ

ನಮ್ಮ ಕೋಲಾರದ ಕಡೆ ಈಗ ಕ್ಲೀನಿಂಗ್ ಅನ್ನೋದೇ ಒಂದು ವ್ಯಾಪಾರ ಆಗೈತೆ. ಛತ್ರ ತೊಳೆಯೋದು, ಹೊಸ ಮನೆ ಗೃಹಪ್ರವೇಶಕ್ಕೆ ಮುಂಚೆ ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯೋದು, ನರಸಾಪುರದ ಕಡೆ ಫ್ಯಾಕ್ಟರಿ ಹುಡುಗ್ರು ಖಾಲಿ ಮಾಡಿದ ರೂಮು ಉಜ್ಜಿ ಕೊಡೋದು. ಸಂಘದಲ್ಲಿ ಸಾಲ ತಗೊಂಡು ಐದಾರು ಜನ ಹೆಂಗಸರು ಸೇರ್ಕೊಂಡ್ರೆ ಒಂದು ಸೆಟ್ಟು. ನಮ್ಮ ಓರಗಿತ್ತಿ ಮಗಳೂ ಅಂಥದ್ದೊಂದು ಸೆಟ್ಟು ಕಟ್ಕೊಂಡವ್ಳೆ. ಬಂಡವಾಳ ಅಂದ್ರೆ ನಾಲ್ಕು ಬಕೆಟ್ಟು, ಪರಕೆ, ಬ್ರಶ್ಶು, ಮಾಪು, ಆಮ್ಯಾಕೆ ಮೂರು ನಾಲ್ಕು ಥರದ ಬಾಟ್ಲಿ. ಬಕೆಟ್ಟು ಪರಕೆ ವಿಚಾರ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಈ ಬಾಟ್ಲಿಗಳು ಮಾತ್ರ ಎಲ್ಲಿಂದ ಬಂದ್ವು, ಒಳಗೆ ಏನೈತೆ, ಯಾವುದರ ಜೊತೆ ಯಾವುದನ್ನ ಇಡಬಾರದು ಅಂತ ನಮ್ಮ ಅತ್ತೇರಿಗೂ ಗೊತ್ತಿರಲಿಲ್ಲ, ಅವರ ಅತ್ತೇರಿಗೂ ಗೊತ್ತಿರಲಿಲ್ಲ. ಅವರ ಕಾಲದಲ್ಲಿ ಇವು ಇರಲೇ ಇಲ್ವಲ್ಲ.

ಅವರ ಕಾಲದಲ್ಲಿ ಇದ್ದದ್ದು ಸೌಳು ಮಣ್ಣು, ಸೀಗೆಕಾಯಿ, ಅಂಟುವಾಳ, ಒಲೆ ಬೂದಿ, ಹುಣಸೆಹಣ್ಣು, ಸಗಣಿ, ಸುಣ್ಣ. ಬಟ್ಟೆಗೆ ಸೌಳು, ಹಿತ್ತಾಳೆ ತಾಮ್ರಕ್ಕೆ ಹುಣಸೆಹಣ್ಣು, ಮಿಕ್ಕ ಪಾತ್ರೆಗೆ ಬೂದಿ, ಗೋಡೆಗೆ ಸುಣ್ಣ. ಹಳೇದೆಲ್ಲಾ ಒಳ್ಳೇದು, ಕೆಮಿಕಲ್ಲೆಲ್ಲಾ ಕೆಟ್ಟದ್ದು ಅಂತ ಈಗ ವಾಟ್ಸಾಪಿನಲ್ಲಿ ಬರೋ ಮಾತು ನಂಗೆ ಒಪ್ಪಿಗೆ ಇಲ್ಲ. ಸೌಳು ಅಂದ್ರೂ ಸೋಡಾನೇ. ದಿನಾ ಅದರಲ್ಲಿ ಕೈ ಅದ್ದಿ ಬಟ್ಟೆ ಒಗೀತಿದ್ದ ಮಡಿವಾಳರ ಹೆಂಗಸರ ಬೆರಳಸಂದಿ ಬಿರಿದು ರಕ್ತ ಬರ್ತಿದ್ದದ್ದು ನಾನು ಚಿಕ್ಕವಳಿದ್ದಾಗ ಕಂಡಿದ್ದೀನಿ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿಟ್ರೆ ಕೊತಕೊತ ಕುದ್ದು ಮೇಲೆ ಹಾರ್ತದೆ. ಒಂದು ಹನಿ ಕಣ್ಣಿಗೆ ಬಿದ್ರೆ ಕಣ್ಣೇ ಹೋಯ್ತು ಅಂತ ಲೆಕ್ಕ.

ಆದ್ರೆ ಒಂದು ವ್ಯತ್ಯಾಸ ಐತೆ. ಸುಣ್ಣ ಮನೆಗೆ ಬರೋವಾಗ ಅದರ ಜೊತೇಲೇ ಜಾಗ್ರತೆ ಮಾತೂ ಬರ್ತಿತ್ತು. ಹಿತ್ತಲಿನಲ್ಲಿ ಬಯಲಿಗೆ ಇಟ್ಟೇ ಸುಣ್ಣ ನೆನಸಬೇಕು, ಮನೆಯೊಳಗೆ ಕೂಡದು. ಮಣ್ಣಿನ ದೊಡ್ಡ ಬಾನಿಯೇ ಬೇಕು. ಮಕ್ಕಳನ್ನ ಆ ಕಡೆ ಬಿಡಬಾರದು. ಬಗ್ಗಿ ನೋಡಬಾರದು, ಉದ್ದನೆ ಕೋಲಿನಲ್ಲಿ ತಿರುವಬೇಕು. ರಾತ್ರಿಯೆಲ್ಲಾ ಬಿಟ್ಟು ತಣ್ಣಗಾದ ಮೇಲೇ ಕೈ ಹಾಕಬೇಕು. ಕೈಗೆ ಮೊದಲೇ ಎಣ್ಣೆ ಸವರ್ಕೋಬೇಕು. ಯಾರೂ ಬರೆದಿಟ್ಟದ್ದಲ್ಲ ಇದು, ಆದ್ರೆ ಎಲ್ಲರಿಗೂ ಬಾಯಿಪಾಠ. ಇವಾಗ ದೊಡ್ಡ ಕಂಪನಿಗಳಲ್ಲಿ ಸೇಫ್ಟಿ ಆಫೀಸರು ಹೇಳೋ ಮಾತೆಲ್ಲಾ ಇದರಲ್ಲೇ ಐತೆ. ಗಾಳಿ ಬೇಕು, ಸರಿಯಾದ ಪಾತ್ರೆ ಬೇಕು, ಜನ ದೂರ ಇರಬೇಕು, ಕೈಗೂ ಸಾಮಾನಿಗೂ ನಡುವೆ ಅಂತರ ಬೇಕು, ಕಾಯೋ ತಾಳ್ಮೆ ಬೇಕು. ಬಾಟ್ಲಿಗಳು ಬಂದಾಗ ಸಾಮಾನು ಮಾತ್ರ ಬಂತು. ಅದರ ಜೊತೆ ಬರಬೇಕಾದ ಮಾತು ದಾರೀಲೇ ಎಲ್ಲೋ ಉಳ್ಕೊಂಡುಬಿಡ್ತು.

ಎಲ್ಲಿ ಉಳ್ಕೊಂಡ್ತು ಅಂತ ಹುಡುಕ್ತಾ ಹೋದ್ರೆ ಶಾನೆ ದೂರ ಹೋಗಬೇಕಾಗ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ಅನ್ನೋ ಊರಿಗೆ. ನಮ್ಮ ಬಚ್ಚಲುಮನೆ ಬಾಟ್ಲಿಗಳಲ್ಲಿ ಮುಖ್ಯವಾದವೆಲ್ಲಾ ಆ ಒಂದೇ ಊರಿನ ಸುತ್ತ ತಿರುಗ್ತವೆ. ಅಷ್ಟೇ ಅಲ್ಲ, ನಮ್ಮ ಕೋಲಾರದ ಚಿನ್ನಕ್ಕೂ ಆ ಊರಿಗೂ ನಂಟು ಐತೆ.

ಮೊದಲು ಬ್ಲೀಚಿಂಗ್ ಪೌಡರ್ ಹುಟ್ಟಿದ್ದು ಹೇಳ್ತೀನಿ. ಆ ದೇಶದಲ್ಲಿ ನೇಯ್ದ ಬಟ್ಟೆ ಬಿಳುಪು ಮಾಡೋಕೆ ಬೂದಿನೀರಲ್ಲಿ ಬೇಯಿಸಿ, ಹುಳಿ ಮಜ್ಜಿಗೇಲಿ ನೆನಸಿ, ಹುಲ್ಲಿನ ಮೇಲೆ ತಿಂಗಳುಗಟ್ಟಲೆ ಬಿಸಿಲಿಗೆ ಹಾಸ್ತಿದ್ರಂತೆ. ನಮ್ಮಜ್ಜಿ ಕೇಳಿದ್ರೆ ಇದರಲ್ಲೇನು ವಿಶೇಷ ಅಂತಿದ್ರು. 1774ರಲ್ಲಿ ಸ್ವೀಡನ್ನಿನ ಶೀಲೆ ಅನ್ನೋ ಔಷಧಿ ಅಂಗಡಿಯವನು ಮ್ಯಾಂಗನೀಸ್ ಕಲ್ಲಿಗೆ ಆಸಿಡ್ ಹಾಕಿದಾಗ ಹಸಿರು ಹಳದಿ ಬಣ್ಣದ, ಉಸಿರುಕಟ್ಟೋ ಗಾಳಿ ಎದ್ದಿತು. ಅದೇ ಕ್ಲೋರಿನ್. ಹತ್ತು ಹನ್ನೊಂದು ವರ್ಷ ಆದ ಮೇಲೆ ಫ್ರಾನ್ಸಿನ ಬರ್ತೊಲೆ ಅನ್ನೋ ಪಂಡಿತ ಈ ಗಾಳಿ ಬಟ್ಟೆ ಬಿಳಿ ಮಾಡ್ತದೆ ಅಂತ ತೋರಿಸಿಕೊಟ್ಟ. ಆದ್ರೆ ಗಾಳಿಯನ್ನ ಚೀಲದಲ್ಲಿ ಕಟ್ಟಿ ಮಾರೋದು ಹೆಂಗೆ? 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನಂಟ್ ಅನ್ನೋನು ಒಂದು ದಾರಿ ಕಂಡ. ಅವನೂ ಬಟ್ಟೆ ಬಿಳುಪು ಮಾಡೋ ಕಸುಬಿನವನೇ. ಅರಳಿಸಿದ ಸುಣ್ಣದ ಪುಡಿ ಮೇಲೆ ಕ್ಲೋರಿನ್ ಬಿಟ್ರೆ ಸುಣ್ಣ ಅದನ್ನ ಹೀರ್ಕೊಳ್ತದೆ, ಒಣ ಪುಡಿಯಾಗಿ ಉಳೀತದೆ. ಪೇಟೆಂಟ್ ತಗೊಂಡ. ಸೇಂಟ್ ರೋಲಾಕ್ಸ್ ಅನ್ನೋ ಜಾಗದಲ್ಲಿ ಅವನ ಕಾರ್ಖಾನೆ ಬೆಳೆದು ಬೆಳೆದು 1842ರ ಹೊತ್ತಿಗೆ 435 ಅಡಿ ಎತ್ತರದ ಹೊಗೆಗೂಡು ಕಟ್ಟೋಷ್ಟು ದೊಡ್ಡದಾಯ್ತು.

ಇಲ್ಲಿ ಒಂದು ಮಾತು ಮನಸ್ಸಲ್ಲಿ ಇಟ್ಕೊಳ್ಳಿ, ಮುಂದಕ್ಕೆ ಬೇಕಾಗ್ತದೆ. ಬ್ಲೀಚಿಂಗ್ ಪೌಡರ್ ಅಂದ್ರೆ ಸುಣ್ಣದ ಸೆರಗಿನಲ್ಲಿ ಗಂಟು ಹಾಕಿದ ಕ್ಲೋರಿನ್. ಗಂಟು ಇರೋವರೆಗೂ ಅದು ನಮ್ಮ ಮಾತು ಕೇಳ್ತದೆ.

ಆ ಪುಡಿ ತುಂಬೋ ಕೆಲಸ ಮಾಡ್ತಿದ್ದ ಆಳುಗಳ ಕತೆ ಓದಿದ್ರೆ ಹೊಟ್ಟೆ ಕಲಕ್ತದೆ. ಕ್ಲೋರಿನ್ ತುಂಬಿದ ಕೋಣೆಯೊಳಗೆ ಸಲಿಕೆ ಹಿಡ್ಕೊಂಡು ಹೋಗಬೇಕು. ಬಾಯಿ ಮೂಗಿಗೆ ಉಣ್ಣೆ ಬಟ್ಟೆ ಮಡಿಕೆ ಮೇಲೆ ಮಡಿಕೆ ಸುತ್ಕೊಂಡು, ಕಣ್ಣಿಗೆ ಕನ್ನಡಕ ಬಿಗಿದು, ಮುಖಕ್ಕೆ ಕೊಬ್ಬು ಸವರ್ಕೊಂಡು ಇಳೀತಿದ್ರು. ಬಾಯಲ್ಲಿ ಉಸಿರು ಎಳ್ಕೊಂಡು ಮೂಗಲ್ಲಿ ಬಿಡಬೇಕು. ಮರೆತು ಮೂಗಲ್ಲಿ ಎಳ್ಕೊಂಡ್ರೆ ಅಲ್ಲೇ ಬೀಳೋದು. ಅಂದ್ರೆ ಈ ಸಾಮಾನು ಅಪಾಯ ಅಂತ ಮಾಡೋರಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಆ ತಿಳುವಳಿಕೆ ಕಾರ್ಖಾನೆ ಗೇಟಿನೊಳಗೇ ಉಳೀತು. ಪುಡಿ ಮಾತ್ರ ಹಡಗು ಹತ್ತಿ ಊರೂರಿಗೆ ಹೋಯ್ತು.

ಎರಡನೇದು ಆಸಿಡ್. ಇದು ಹುಟ್ಟಿದ್ದು ಕಸವಾಗಿ. ನಾವು ಒಗೆಯೋಕೆ ಹಾಕೋ ಸೋಡಾವನ್ನ ಆ ಕಾಲದಲ್ಲಿ ಉಪ್ಪಿನಿಂದ ಮಾಡ್ತಿದ್ರು. ಮಾಡೋವಾಗ ಏಳೋ ಆಸಿಡ್ ಗಾಳಿಯನ್ನ ಹೊಗೆಗೂಡಿನಿಂದ ಹಂಗೇ ಮೇಲಕ್ಕೆ ಬಿಡೋರು. ಸುತ್ತಲ ಮರಗಿಡ ಒಣಗಿದ್ವು, ಬೆಳೆ ಸುಟ್ಟಿತು. ಗಲಾಟೆ ಜಾಸ್ತಿಯಾಗಿ 1863ರಲ್ಲಿ ಬ್ರಿಟನ್ನಿನಲ್ಲಿ ಕಾನೂನು ಬಂತು. ನೂರಕ್ಕೆ 95 ಪಾಲು ಆಸಿಡ್ ಗಾಳಿಯನ್ನ ನೀರಲ್ಲಿ ಇಳಿಸಲೇಬೇಕು, ನೋಡೋಕೆ ಇನ್ಸ್‌ಪೆಕ್ಟರು ಬರ್ತಾರೆ. ನೀರಿಗಿಳಿದ ಆ ಗಾಳಿಯೇ ನಮ್ಮ ಕಕ್ಕಸು ತೊಳೆಯೋ ಆಸಿಡ್. ಅಷ್ಟೊಂದು ಆಸಿಡ್ ಏನು ಮಾಡೋದು ಅಂತ ಅದರಿಂದಲೇ ಕ್ಲೋರಿನ್ ಎಬ್ಬಿಸಿ, ಬ್ಲೀಚಿಂಗ್ ಪೌಡರ್ ಜಾಸ್ತಿ ಮಾಡಿದ್ರು. ಒಂದರ ಕಸ ಇನ್ನೊಂದರ ಬಂಡವಾಳ. ಅಪಾಯ ತಡೆಯೋಕೆ ಹೊರಟ್ರೆ ಲಾಭಾನೂ ಸಿಗ್ತದೆ ಅನ್ನೋದಕ್ಕೆ ಇದು ಒಳ್ಳೆ ಉದಾಹರಣೆ, ಆದ್ರೆ ಕಾನೂನಿನ ಕೋಲು ಬೀಳೋವರೆಗೂ ಅವರಿಗೆ ಅದು ಹೊಳೀಲಿಲ್ಲ.

ಮೂರನೇದು ಫಿನೈಲು. 1865ರಲ್ಲಿ ಅದೇ ಗ್ಲಾಸ್ಗೋ ಆಸ್ಪತ್ರೇಲಿ ಲಿಸ್ಟರ್ ಅನ್ನೋ ಡಾಕ್ಟ್ರು, ಗಾಡಿ ಚಕ್ರ ಹರಿದು ಕಾಲು ಮುರಿದಿದ್ದ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಸಿಡ್ ಅದ್ದಿದ ಬಟ್ಟೆ ಕಟ್ಟಿದ್ರು. ಕಲ್ಲಿದ್ದಲ ಟಾರಿನಿಂದ ತೆಗೆದದ್ದು ಅದು. ಗಾಯ ಕೊಳೀಲಿಲ್ಲ, ಕಾಲು ಉಳೀತು. ಟಾರಿನ ಆ ಸಂತಾನವೇ ಕಪ್ಪು ಫಿನೈಲು, ಆಸ್ಪತ್ರೆ ವಾಸನೆ ಅಂತೀವಲ್ಲ ಅದು. ಇವಾಗಿನ ಬಿಳಿ ಫಿನೈಲು ಬೇರೆ, ಅದಕ್ಕೆ ಹಾಕೋದು ಪೈನ್ ಮರದ ಎಣ್ಣೆ. ಹೆಸರು ಮಾತ್ರ ಹಳೇದೇ ಉಳ್ಕೊಂಡಿದೆ.

ಕಾರ್ಬಾಲಿಕ್ ಗಾಯ ಉಳಿಸಿತು, ಕೈ ಕೆಡಿಸಿತು. ದಿನಾ ಅದರಲ್ಲಿ ಕೈ ಅದ್ದಿದ ಡಾಕ್ಟ್ರುಗಳ, ನರ್ಸಮ್ಮಗಳ ಚರ್ಮ ಬೆಳ್ಳಗಾಗಿ ಜೋಮು ಹಿಡೀತಿತ್ತು. 1889-90ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೇಲಿ ಕ್ಯಾರೊಲಿನ್ ಹ್ಯಾಂಪ್ಟನ್ ಅನ್ನೋ ನರ್ಸಮ್ಮನಿಗೆ ಪಾದರಸದ ಪರ್ಕ್ಲೋರೈಡ್ ನೀರಲ್ಲಿ ಕೈ ತೊಳೆದೂ ತೊಳೆದೂ ಕೈಯೆಲ್ಲಾ ಕಜ್ಜಿ ಎದ್ದಿತು. ಕೆಲಸ ಬಿಡಬೇಕು ಅನ್ನೋ ಹಂತಕ್ಕೆ ಬಂತು. ಅಲ್ಲಿನ ದೊಡ್ಡ ಸರ್ಜನ್ ಹಾಲ್‌ಸ್ಟೆಡ್, ಗುಡ್ ಇಯರ್ ರಬ್ಬರ್ ಕಂಪನಿಯವರಿಗೆ ಹೇಳಿ ಆಕೆ ಕೈ ಅಳತೆಗೆ ತೆಳ್ಳನೆ ಗ್ಲೌಸು ಮಾಡಿಸಿಕೊಟ್ರು. ಆಮ್ಯಾಕೆ ಆಕೇನೇ ಮದುವೆ ಆದ್ರು ಅನ್ನಿ, ಅದು ಬೇರೆ ವಿಷಯ. ಇವತ್ತು ಲೋಕದ ಎಲ್ಲಾ ಡಾಕ್ಟ್ರು ಹಾಕೋ ಗ್ಲೌಸು ಮೊದಲು ಹುಟ್ಟಿದ್ದು ರೋಗಿಗಾಗಿ ಅಲ್ಲ, ಕೆಲಸ ಮಾಡೋ ಒಬ್ಬ ಹೆಣ್ಣಿನ ಬಿರಿದ ಕೈಗಾಗಿ. ಗ್ಲೌಸು ಹಾಕ್ಕೊಂಡ್ರೆ ನಾಜೂಕು ಅಂತ ಆಡ್ಕೊಳ್ಳೋರಿಗೆ ಈ ಕತೆ ಹೇಳಿ.

ನಮ್ಮ ಕಡೆಗೆ ಇವೆಲ್ಲಾ ಕಾಲಿಟ್ಟದ್ದು ಭಯದ ಜೊತೆ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ರೈಲಿನಲ್ಲಿ ಬಂತು ಅಂತಾರೆ. ಹಳ್ಳಿಗಳಲ್ಲಿ ಜನ ಊರು ಬಿಟ್ಟು ಹೊಲದಲ್ಲಿ ಜೋಪಡಿ ಹಾಕ್ಕೊಂಡ್ರು. ಬೆಂಗಳೂರಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಆ ಕಾಲದ ಪ್ಲೇಗ್ ಕೆಲಸದಲ್ಲಿ ಸರ್ಕಾರದವರು ದೇಶದಲ್ಲೆಲ್ಲಾ ಬಳಸಿದ್ದು ಸುಣ್ಣ, ಕಾರ್ಬಾಲಿಕ್, ಪಾದರಸದ ಪರ್ಕ್ಲೋರೈಡು. ಆ ನರ್ಸಮ್ಮನ ಕೈ ಕೆಡಿಸಿದ ಪರ್ಕ್ಲೋರೈಡೇ. ರೋಗ ಹರಡ್ತಿದ್ದದ್ದು ಇಲಿ ಮೈಮೇಲಿನ ಚಿಗಟದಿಂದ ಅಂತ ಗೊತ್ತಾಗಿದ್ದು ಆಮ್ಯಾಕೆ. ಗೋಡೆಗೆಲ್ಲಾ ವಿಷ ಎರಚಿದ್ರಿಂದ ಚಿಗಟಕ್ಕೆ ಎಷ್ಟು ತೊಂದ್ರೆ ಆಯ್ತೋ, ಎರಚಿದ ಕೂಲಿಯವರಿಗೆ ಮಾತ್ರ ತೊಂದ್ರೆ ತಪ್ಪಲಿಲ್ಲ. ಆದ್ರೆ ಒಂದು ಅಭ್ಯಾಸ ಜನರಲ್ಲಿ ನಿಂತುಬಿಡ್ತು. ಘಾಟು ವಾಸನೆ ಬಂದ್ರೆ ಕ್ಲೀನ್ ಆಯ್ತು, ಬರದಿದ್ರೆ ಆಗಿಲ್ಲ. ಇವತ್ತಿಗೂ ಛತ್ರದ ಮ್ಯಾನೇಜರು ಬಾಗಿಲಲ್ಲಿ ನಿಂತು ಮೂಗಲ್ಲೇ ಕೆಲಸ ಅಳೀತಾರೆ.

ಗ್ಲಾಸ್ಗೋದ ನಾಲ್ಕನೇ ಸಾಮಾನು ಬಚ್ಚಲುಮನೆಗೆ ಬರಲಿಲ್ಲ, ನಮ್ಮ ಜಿಲ್ಲೆಗೇ ಬಂತು. 1887ರಲ್ಲಿ ಆ ಊರಿನ ಮ್ಯಾಕ್ ಆರ್ಥರ್ ಅನ್ನೋನು, ಫಾರೆಸ್ಟ್ ಅನ್ನೋ ಇಬ್ಬರು ಡಾಕ್ಟ್ರು ಅಣ್ಣತಮ್ಮಂದಿರ ಜೊತೆ ಸೇರ್ಕೊಂಡು, ಪುಡಿ ಮಾಡಿದ ಅದಿರನ್ನ ಸಯನೈಡ್ ನೀರಲ್ಲಿ ನೆನಸಿ ಚಿನ್ನ ಕರಗಿಸಿ ತೆಗೆಯೋ ವಿಧಾನ ಕಂಡುಹಿಡಿದ. ಕೋಲಾರದ ಚಿನ್ನದ ಗಣಿಗಳನ್ನ ಜಾನ್ ಟೇಲರ್ ಕಂಪನಿಯವರು 1880ರಿಂದ ನಡೆಸ್ತಿದ್ರು. ಆ ವಿಧಾನ ಇಲ್ಲಿಗೂ ಬಂತು. ಬ್ಲೀಚಿಂಗ್ ಪೌಡರಿನ ಚಾರ್ಲ್ಸ್ ಟೆನಂಟಿನ ಮೊಮ್ಮಗ, ಅವನ ಹೆಸರೂ ಚಾರ್ಲ್ಸ್ ಟೆನಂಟೇ, ಸಯನೈಡ್ ವಿಧಾನದ ಹಕ್ಕು ಹಿಡಿದಿದ್ದ ಕ್ಯಾಸಲ್ ಕಂಪನಿಯಲ್ಲೂ ಇದ್ದ, ನಮ್ಮ ಮೈಸೂರು ಗಣಿ ಕಂಪನಿಯಲ್ಲೂ ದುಡ್ಡು ಹಾಕಿದ್ದ. ತಾತ ನಮ್ಮ ಚರಂಡಿಗೆ, ಮೊಮ್ಮಗ ನಮ್ಮ ಚಿನ್ನಕ್ಕೆ.

ಸಯನೈಡ್ ಅಂದ್ರೆ ಎಂಥ ವಿಷ ಅಂತ ನಿಮಗೆ ಹೇಳಬೇಕಾಗಿಲ್ಲ. ಅಂಥದ್ದನ್ನ ತೊಟ್ಟಿಗಟ್ಟಲೆ ಇಟ್ಕೊಂಡು ಕೆಲಸ ಹೆಂಗೆ ಮಾಡ್ತಿದ್ರು? ಉತ್ತರ ಕೇಳಿದ್ರೆ ನಗು ಬರ್ತದೆ. ಸುಣ್ಣ ಹಾಕಿ! ಸಯನೈಡ್ ನೀರಿಗೆ ಸುಣ್ಣ ಬೆರೆಸಿ ಇಟ್ರೆ ವಿಷ ನೀರಲ್ಲೇ ಇರ್ತದೆ. ಸುಣ್ಣ ಕಡಿಮೆಯಾಗಿ ಹುಳಿ ಸೇರಿದ್ರೆ, ಆಸಿಡ್ ತಾಗಿದ್ರೆ, ವಿಷ ಗಾಳಿಯಾಗಿ ಮೇಲಕ್ಕೆ ಏಳ್ತದೆ. ಬ್ಲೀಚಿಂಗ್ ಪೌಡರಿನಲ್ಲಿ ಹೆಂಗೋ ಇಲ್ಲೂ ಹಂಗೇ. ಸುಣ್ಣ ಗಂಟು ಹಾಕ್ತದೆ, ಆಸಿಡ್ ಗಂಟು ಬಿಚ್ಚುತದೆ. ಮಿಲ್ಲಿನಲ್ಲಿ ಇದಕ್ಕೆ ಅಳತೆ ಇತ್ತು. ಚಿನ್ನದ ಲೆಕ್ಕ ಅಲ್ವಾ, ಸಯನೈಡ್ ವ್ಯರ್ಥವಾದ್ರೆ ಕಂಪನಿಗೆ ನಷ್ಟ.

ಲೆಕ್ಕ ಇಲ್ಲದ ಕಡೆ ಏನಾಯ್ತು ಅಂತಲೂ ಕೆಜಿಎಫ್‌ನಲ್ಲೇ ನೋಡಬಹುದು. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣು ಊರ ಪಕ್ಕದಲ್ಲೇ ಗುಡ್ಡ ಬಿತ್ತು. ನಾವೆಲ್ಲಾ ಸಯನೈಡ್ ಗುಡ್ಡ ಅಂತಲೇ ಕರೀತೀವಿ, ಸಿನಿಮಾದವರೂ ಅಲ್ಲೇ ಬಂದು ಹಾಡು ಹೊಡೆದಾಟ ತೆಗೀತಾರೆ. 2001ರ ಫೆಬ್ರವರಿ ಕೊನೇಲಿ ಗಣಿ ಮುಚ್ಚಿತು, ಗುಡ್ಡಗಳು ಹಂಗೇ ನಿಂತವೆ. 2024ರಲ್ಲಿ ಅದರಲ್ಲಿ ಮಿಕ್ಕಿರೋ ಚಿನ್ನ ತೆಗೆಯೋ ಮಾತು ಬಂದಾಗ ಸರ್ಕಾರದವರು ಹೇಳಿದ ಲೆಕ್ಕ 13 ಗುಡ್ಡ, ಸಾವಿರ ಎಕರೆ ಮೇಲೆ ಜಾಗ, 3.3 ಕೋಟಿ ಟನ್ ಮಣ್ಣು. ಗಾಳಿಗಾಲದಲ್ಲಿ ಆ ಧೂಳು ಅಲ್ಲಿನ ಮನೆಗಳಿಗೆ ನುಗ್ತದೆ, ಹಂಗೆ ನುಗ್ಗಿದ ಧೂಳು ದಿನಕ್ಕೆರಡು ಸಲ ಗುಡಿಸೋರು ಅಲ್ಲಿನ ಹೆಂಗಸರು.

ಇನ್ನೊಂದು ಸಂಗತಿ ಇನ್ನೂ ಕಷ್ಟದ್ದು. ಅಷ್ಟು ದೊಡ್ಡ ಗಣಿ ಊರಲ್ಲಿ ಕೂಲಿ ಲೈನುಗಳಿಗೆ ಇದ್ದದ್ದು ನೀರಿಲ್ಲದ ಒಣ ಕಕ್ಕಸು, ಅದನ್ನ ಕೈಯಲ್ಲಿ ಬಾಚಿ ಹೊತ್ತೋರು ಜಾತಿಯ ಹೆಸರಲ್ಲಿ ಆ ಕೆಲಸಕ್ಕೆ ಕಟ್ಟಿಹಾಕಿದ ಜನ. ಬೆಜವಾಡ ವಿಲ್ಸನ್ ಹುಟ್ಟಿದ್ದು ಅಂಥ ಮನೇಲೇ, 1966ರಲ್ಲಿ, ಕೆಜಿಎಫ್‌ನಲ್ಲೇ. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ ದೇಶದಲ್ಲೆಲ್ಲಾ ಈ ಪದ್ಧತಿ ವಿರುದ್ಧ ಹೋರಾಡಿದ್ರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2013ರಲ್ಲಿ ಹೊಸ ಕಾನೂನು ಆಯ್ತು, 2014ರಲ್ಲಿ ಸುಪ್ರೀಂ ಕೋರ್ಟು ಗುಂಡಿಯೊಳಗೆ ಸತ್ತವರ ಮನೆಯವರಿಗೆ ಹತ್ತು ಲಕ್ಷ ಕೊಡಬೇಕು ಅಂತ ಹೇಳಿತು, 2023ರಲ್ಲಿ ಅದನ್ನ ಮೂವತ್ತು ಲಕ್ಷಕ್ಕೆ ಏರಿಸಿತು. ಇದನ್ನ ಯಾಕೆ ಹೇಳ್ದೆ ಅಂದ್ರೆ ನಮ್ಮ ಹುಡುಗೀರ ಸೆಟ್ಟಿಗೂ ಅಂಥ ಕೇಳಿಕೆ ಬರ್ತದೆ. ಛತ್ರ ತೊಳೆದಾದ ಮೇಲೆ, ಹಿಂದುಗಡೆ ಗುಂಡಿ ತುಂಬೈತೆ, ಯಾರನ್ನಾದ್ರೂ ಇಳಿಸ್ತೀರಾ, ದುಡ್ಡು ಬೇರೆ ಕೊಡ್ತೀವಿ ಅಂತಾರೆ. ಗುಂಡಿಯೊಳಗಿನ ಗಾಳಿಗೆ ಯಾವ ಮಾಸ್ಕೂ ತಡೆಯಲ್ಲ. ಅಲ್ಲಿ ಲೆಕ್ಕ ಹಾಕೋದು ಏನೂ ಇಲ್ಲ, ಇಳಿಯೋದೇ ಇಲ್ಲ, ಮುಗೀತು.

ಇನ್ನು ಆ ಆಸಿಡ್ ಬಾಟ್ಲಿ ವಿಚಾರ. ಮಾಲೂರಿನ ಹೆಂಚು ಇಟ್ಟಿಗೆ ಕಾಲ ಹೋಗಿ ಮನೆಮನೆಗೂ ಟೈಲ್ಸ್ ಬಂದ ಮೇಲೆ ಆಸಿಡ್ ಖರ್ಚು ಜಾಸ್ತಿ ಆಯ್ತು. ಹೆಣ್ಣುಮಕ್ಕಳ ಮುಖದ ಮೇಲೆ ಎರಚೋ ಪಾಪಿಗಳಿಂದಾಗಿ ಲಕ್ಷ್ಮಿ ಅನ್ನೋ ಹುಡುಗಿ ಕೋರ್ಟಿಗೆ ಹೋಗಿ, 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆಸಿಡ್ ಮಾರೋದಕ್ಕೆ ಕಟ್ಟು ಹಾಕಿತು. ಗುರುತಿನ ಚೀಟಿ ನೋಡಬೇಕು, ಪುಸ್ತಕದಲ್ಲಿ ಬರೀಬೇಕು, ಹದಿನೆಂಟು ವರ್ಷ ತುಂಬದೋರಿಗೆ ಕೊಡಬಾರದು. ಆದ್ರೂ ಕೂಲ್‌ಡ್ರಿಂಕ್ಸ್ ಖಾಲಿ ಬಾಟ್ಲೀಲಿ ತುಂಬಿದ ಆಸಿಡ್ ಇವತ್ತೂ ಮೂಲೆಮೂಲೇಲಿ ಕಾಣ್ತದೆ. ಮೇಲೆ ಚೀಟಿ ಇಲ್ಲ, ಹೆಸರಿಲ್ಲ.

ಅಂಥದ್ದೇ ಬಾಟ್ಲಿ ಒಂದು ಛತ್ರದವರು ಹೋದ ವರ್ಷ ನಮ್ಮ ಓರಗಿತ್ತಿ ಮಗಳ ಸೆಟ್ಟಿನ ಹೆಂಗಸೊಬ್ಬರ ಕೈಗೆ ಕೊಟ್ರು. ಮದುವೆ ಮುಗಿದ ರಾತ್ರಿ ಛತ್ರದ ಆಳು ಕಕ್ಕಸಿಗೆಲ್ಲಾ ಬ್ಲೀಚಿಂಗ್ ಪೌಡರ್ ಎರಚಿ ಹೋಗಿದ್ನಂತೆ. ಬೆಳಗ್ಗೆ ಈಕೆ ಬಾಗಿಲು ಹಾಕ್ಕೊಂಡು ಕಲೆ ಮೇಲೆ ಆಸಿಡ್ ಸುರಿದ್ರು. ಗಂಟು ಬಿಚ್ಚಿತು. ಹಿಂದೆ ಆ ಸ್ವೀಡನ್ನಿನವನು ಎಬ್ಬಿಸಿದ ಗಾಳಿ, 1915ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ಊರಿನ ಹತ್ತಿರ ಜರ್ಮನಿಯವರು ಸೈನಿಕರ ಮೇಲೆ ಬಿಟ್ಟ ಗಾಳಿ, ಕೋಲಾರದ ಒಂದು ಕಕ್ಕಸಿನೊಳಗೆ ಎದ್ದಿತು. ಅದು ನಮ್ಮ ಉಸಿರಿನ ಗಾಳಿಗಿಂತ ಭಾರ, ಕೆಳಗೇ ಕೂರ್ತದೆ. ಕೂತ್ಕೊಂಡು ಉಜ್ಜೋರ ಮುಖ ಇರೋದೂ ಅಲ್ಲೇ. ಕೆಮ್ಮು ಕೇಳಿ ಜೊತೆಯವರು ಬಾಗಿಲು ತಳ್ಳಿ ಎಳ್ಕೊಂಡು ಬಂದ್ರು. ಅಲ್ಲಿದ್ದೋರು ಮಜ್ಜಿಗೆ ಕುಡಿಸಿ ಮನೆಗೆ ಕಳಿಸಿ ಅಂದ್ರು. ಶ್ವಾಸಕೋಶಕ್ಕೆ ಹೋದ ಗಾಳಿಗೆ ಹೊಟ್ಟೆಗೆ ಹೋದ ಮಜ್ಜಿಗೆ ಏನು ಮಾಡ್ತದೆ? ಪುಣ್ಯಕ್ಕೆ ನಮ್ಮ ಹುಡುಗಿ ಆಟೋ ಕರೆಸಿ ಆಸ್ಪತ್ರೆಗೇ ಕರ್ಕೊಂಡು ಹೋದ್ಲು. ಆಗ ಪರವಾಗಿಲ್ಲ ಅನ್ನಿಸಿದ್ರೂ ಕೆಲವು ಗಂಟೆ ಬಿಟ್ಟು ಎದೆಯಲ್ಲಿ ನೀರು ತುಂಬಬಹುದು ಅಂತ ಡಾಕ್ಟ್ರು ರಾತ್ರಿಯೆಲ್ಲಾ ಆಕ್ಸಿಜನ್ ಕೊಟ್ಟು ಇಟ್ಕೊಂಡ್ರು. ಮೂರು ದಿನ ಆಸ್ಪತ್ರೆ, ಎರಡು ತಿಂಗಳು ಕೆಮ್ಮು. ಕೂಲಿ ಹೋಯ್ತು. ಛತ್ರದವರು ಬರಲಿಲ್ಲ.

ಅದಾದ ಮೇಲೆ ಸೆಟ್ಟಿನೋರೆಲ್ಲಾ ನಮ್ಮನೆ ಪಡಸಾಲೇಲಿ ಕೂತ್ರು. ದೊಡ್ಡಮ್ಮಾ ನೀವು ಪಿಯುಸಿ ಓದಿದ್ದೀರಲ್ಲ, ಬರ್ಕೊಳ್ಳಿ ಅಂತ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ರು. ಅವರ ಹತ್ರ ಇದ್ದ ಒಂದೊಂದು ಸಾಮಾನಿಗೂ ಒಂದೊಂದು ಹಾಳೆ ಇಟ್ವಿ. ಇದರ ನಿಜವಾದ ಹೆಸರೇನು, ಎಲ್ಲೆಲ್ಲಿ ಹಾಕ್ತೀವಿ, ಮೈಗೆ ಯಾವ ದಾರೀಲಿ ಬರ್ತದೆ, ಮೂಗಿಂದಲಾ, ಚರ್ಮದಿಂದಲಾ, ಕಣ್ಣಿಗಾ, ಬಾಯಿಗಾ, ಯಾವುದರ ಪಕ್ಕ ಇಡಬಾರದು. ಬಾಟ್ಲಿ ಮೇಲಿನ ಚಿಕ್ಕ ಅಕ್ಷರ ಓದೋಕೆ ನನ್ನ ಕನ್ನಡಕ ಸಾಲಲಿಲ್ಲ, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದ್ವಿ. ನೀಲಿ ಬಾಟ್ಲಿ ಮೇಲೆ ಬ್ಲೀಚ್ ಜೊತೆ ಸೇರಿಸಬೇಡಿ ಅಂತ ಸ್ಪಷ್ಟವಾಗೇ ಬರೆದೈತೆ. ಓದೋರಿಲ್ಲ ಅಷ್ಟೇ. ಕಂಪನಿಯೋರು ಇಂಥ ಸಾಮಾನಿಗೆಲ್ಲಾ ಸೇಫ್ಟಿ ಡಾಟಾ ಶೀಟ್ ಅಂತ ಒಂದು ಮಾಹಿತಿ ಹಾಳೆ ಮಾಡಿಟ್ಟಿರ್ತಾರೆ, ಕೇಳಿದ್ರೆ ಅಂಗಡಿಯವರೇ ಫೋನಿಗೆ ಕಳಿಸ್ತಾರೆ. 1984ರ ಭೋಪಾಲ್ ಆದ ಮೇಲೆ, 1989ರಲ್ಲಿ ಬಂದ ನಿಯಮದಿಂದ ದೊಡ್ಡ ಕಾರ್ಖಾನೆಗಳಿಗೆ ಇಂಥ ಹಾಳೆ ಕಡ್ಡಾಯ ಆಯ್ತು. ಐದು ಜನರ ಸೆಟ್ಟಿಗೆ ಯಾರೂ ತಂದು ಕೊಡಲ್ಲ, ನಾವೇ ಕೇಳಬೇಕು.

ಬರೀತಾ ಹೋದಂಗೆ ಗೊತ್ತಾಗಿದ್ದೇನು ಅಂದ್ರೆ ಅರ್ಧ ಸಾಮಾನು ಬೇಕಾಗೇ ಇಲ್ಲ. ದುಡ್ಡು ಕೊಟ್ಟು ಗ್ಲೌಸು ಮಾಸ್ಕು ತರೋಣ ಅಂತ ಶುರು ಮಾಡಿದ್ವಿ, ಕೊನೆಗೆ ಮೊದಲು ಆಸಿಡ್ ಬಿಡೋಣ ಅನ್ನೋದಕ್ಕೆ ಬಂದ್ವಿ. ಬಿಡಿ ಆಸಿಡ್ ಪೂರಾ ಬಂದ್. ಕಕ್ಕಸಿಗೆ ಚೀಟಿ ಇರೋ ಬಾಟ್ಲಿ ಮಾತ್ರ. ಉಪ್ಪುನೀರಿನ ಕಲೆಗೆ ನಿಂಬೆ ಉಪ್ಪು ಬಿಸಿನೀರಲ್ಲಿ ಕಲಸಿ ಹಚ್ಚಿ ಅರ್ಧ ಗಂಟೆ ಬಿಡೋದು. ಅದೂ ಹುಳಿಯೇ, ಬ್ಲೀಚಿಂಗ್ ಹತ್ರ ಬರಬಾರದು, ಆದ್ರೆ ಕೈ ಸುಡಲ್ಲ. ಸಿಂಕಿನ ಪೈಪಿಗೆ ಹಾಕೋ ಕಾಸ್ಟಿಕ್ ಪುಡಿಗೆ ಬದಲು ಮೊದಲು ಕಂಬಿ ಹಾಕಿ ಕೂದಲು ಎಳೆಯೋದು. ಒಂದು ಕಕ್ಕಸಿಗೆ ಒಂದೇ ಸಾಮಾನು. ಹೋದ ತಕ್ಷಣ ಇಲ್ಲಿ ನಿನ್ನೆ ಏನು ಹಾಕಿದ್ರಿ ಅಂತ ಕೇಳೋದು, ಗೊತ್ತಿಲ್ಲ ಅಂದ್ರೆ ಎರಡು ಬಕೆಟ್ ನೀರು ಸುರಿದು ತೊಳೆದು ಆಮ್ಯಾಕೆ ಶುರು. ಬಾಗಿಲು ಕಿಟಕಿ ತೆಗೆದಿಟ್ಟು, ನಿಂತು ಉಜ್ಜೋ ಉದ್ದ ಹಿಡಿ ಬ್ರಶ್ಶು. ಸುಣ್ಣ ತಿರುವೋ ಕೋಲು ನೆನಪಾಯ್ತಲ್ವಾ? ಇಷ್ಟೆಲ್ಲಾ ಆದ ಮೇಲೆ ಕೊನೇಲಿ ಗ್ಲೌಸು. ಆಸ್ಪತ್ರೆ ತೆಳು ಗ್ಲೌಸು ಬೇಗ ಹರೀತದೆ, ಮೊಣಕೈ ಹತ್ತಿರ ಬರೋ ದಪ್ಪ ರಬ್ಬರಿನದ್ದೇ ಆಗಬೇಕು. ಬಟ್ಟೆ ಮಾಸ್ಕು ಧೂಳಿಗೆ ಸರಿ, ಘಾಟಿಗೆ ಅದರಿಂದ ಏನೂ ಉಪಯೋಗ ಇಲ್ಲ.

ಕಣ್ಣಿಗೋ ಚರ್ಮಕ್ಕೋ ಬಿದ್ರೆ ನಲ್ಲಿ ನೀರು ಬಿಟ್ಕೊಂಡು ಕಾಲು ಗಂಟೆ, ಇಪ್ಪತ್ತು ನಿಮಿಷ ಬಿಡದೆ ತೊಳೀಬೇಕು, ಆಮೇಲೆ ಡಾಕ್ಟ್ರ ಹತ್ರ. ಎಣ್ಣೆ, ಪೇಸ್ಟು, ಅರಿಶಿನ ಯಾವುದೂ ಬೇಡ. ಮಕ್ಕಳು ಕುಡಿದುಬಿಟ್ರೆ ಬೆರಳು ಹಾಕಿ ವಾಂತಿ ಮಾಡಿಸಬಾರದು, ಇಳೀವಾಗ ಸುಟ್ಟದ್ದು ಹತ್ತುವಾಗ ಇನ್ನೊಂದು ಸಲ ಸುಡ್ತದೆ. ಬಾಟ್ಲಿ ಸಮೇತ ಆಸ್ಪತ್ರೆಗೆ ಓಡಬೇಕು. ಇದನ್ನ ದಪ್ಪ ಅಕ್ಷರದಲ್ಲಿ ಬರೆದು ಬಕೆಟ್ ಇಡೋ ಜಾಗದಲ್ಲಿ ಅಂಟಿಸೈತೆ.

ಬ್ಲೀಚಿಂಗ್ ಪೌಡರ್ ಬಗ್ಗೆ ಇನ್ನೊಂದು. ಅದು ಡಬ್ಬದಲ್ಲೇ ಸಾಯ್ತದೆ. ಒಳ್ಳೆ ಪುಡೀಲಿ ನೂರಕ್ಕೆ ಮೂವತ್ತರ ಮೇಲೆ ಕ್ಲೋರಿನ್ ಇರ್ತದೆ, ಬಾಯಿ ತೆಗೆದು ಬಿಸಿಲಲ್ಲಿ, ತೇವದಲ್ಲಿ ಇಟ್ರೆ ತಿಂಗಳು ತಿಂಗಳಿಗೂ ಇಳೀತಾ ಬಂದು ಬರೀ ಸುಣ್ಣ ಉಳೀತದೆ. ಬಲ ಇಲ್ಲ ಅಂತ ಕೈತುಂಬಾ ಎರಚೋದು ನಮ್ಮ ಜನರ ಅಭ್ಯಾಸ. ಬಾವಿ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು ಅಂತ ಆರೋಗ್ಯ ಇಲಾಖೆ ಲೆಕ್ಕ, ಅಂದ್ರೆ ಅರ್ಧ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಕೊರೋನ ಕಾಲದಲ್ಲಿ ನೋಡಿದ್ವಲ್ಲ, 2020ರ ಮಾರ್ಚಿನಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ನಡ್ಕೊಂಡು ಬಂದ ಕೂಲಿ ಜನರನ್ನ ರಸ್ತೇಲಿ ಕೂರಿಸಿ ಮೈಮೇಲೇ ಔಷಧಿ ನೀರು ಹೊಡೆದ್ರು. ಏಪ್ರಿಲ್‌ನಲ್ಲಿ ಕೇಂದ್ರದ ಆರೋಗ್ಯ ಇಲಾಖೆಯವರೇ ಮನುಷ್ಯರ ಮೇಲೆ ಹೊಡೀಬೇಡಿ ಅಂತ ಹೇಳಬೇಕಾಯ್ತು. ಪ್ಲೇಗ್ ಕಾಲದಿಂದ ನೂರಿಪ್ಪತ್ತೆರಡು ವರ್ಷ ಆಗಿತ್ತು ಅಷ್ಟು ಹೊತ್ತಿಗೆ.

ಈಗ ಉಳಿದಿರೋ ಜಗಳ ಮೂಗಿನದ್ದೇ. ನಮ್ಮ ಹುಡುಗೀರು ತೊಳೆದ ಛತ್ರದಲ್ಲಿ ಘಾಟು ಇರಲ್ಲ, ಮ್ಯಾನೇಜರಿಗೆ ಸಮಾಧಾನ ಇಲ್ಲ. ಒಬ್ಬರು, ವಾಸನೆ ಬರದಿದ್ರೆ ದುಡ್ಡು ಕಟ್ ಮಾಡ್ತೀನಿ ಅಂದ್ರು. ಇವಳು ಅವರನ್ನ ಕಕ್ಕಸಿಗೆ ಕರ್ಕೊಂಡು ಹೋಗಿ ಬಿಳಿ ಬಟ್ಟೆ ಕೊಟ್ಟು, ಒರೆಸಿ ನೋಡಿ ಸಾರ್ ಅಂದ್ಲು. ಒರೆಸಿದ್ರು, ಬಟ್ಟೆ ಬೆಳ್ಳಗೇ ಇತ್ತು, ದುಡ್ಡು ಕೊಟ್ರು. ಆ ಆಸಿಡ್ ಕೊಟ್ಟ ಛತ್ರಕ್ಕೆ ಈಗ ಹೋಗಲ್ಲ. ಮಿಕ್ಕವರ ಬಿಲ್ಲಿನಲ್ಲಿ ಗ್ಲೌಸಿಗೆ ಅಂತ ಒಂದು ಸಾಲು ಸೇರಿಸವ್ಳೆ. ಮೂರು ಕಡೆ ಒಪ್ಪಿದ್ರು, ಎರಡು ಕಡೆ ಇನ್ನೂ ಚೌಕಾಸಿ ನಡೀತಾ ಐತೆ. ಕೆಮ್ಮು ಬಂದಿದ್ದ ಆ ಹೆಂಗಸು ಯುಗಾದಿ ಆದ ಮೇಲೆ ಕೆಲಸಕ್ಕೆ ವಾಪ್ಸು ಬಂದವ್ರೆ. ಆಕೆ ಕಕ್ಕಸಿಗೆ ಹೋಗಲ್ಲ ಅಂದ್ರು. ಹಜಾರ, ಮೆಟ್ಟಿಲು, ಊಟದ ಹಾಲು ಆಕೆ ಪಾಲಿಗೆ. ನೋಟ್‌ಬುಕ್ಕೂ ಈಗ ಆಕೆ ಚೀಲದಲ್ಲೇ ಇರ್ತದೆ.